ಕಂಬಳಿ ಮುಚ್ಚಿದ ಕಿಂಡಿ

ವಡಗಾವಿಯ ಮಗ್ಗದ ಗಲ್ಲಿಗಳಲ್ಲಿ ರಾಮಲಿಂಗನನ್ನು ಅರಿಯದ ಮನೆ ಇರಲಿಲ್ಲ. ವಿದ್ಯುತ್ ಕಚೇರಿಯಲ್ಲಿ ಮೀಟರು ಓದುವ ಕೆಲಸಕ್ಕೆ ಸೇರಿದವನು, ಅದೇ ಕೆಲಸದಲ್ಲಿ ತಲೆ ನರೆಸಿಕೊಂಡು ನಿವೃತ್ತನಾಗಿದ್ದ. ಖಾಸಬಾಗದಿಂದ ಹಿಡಿದು ವಡಗಾವಿಯ ಕಡೆಯ ಮನೆಯವರೆಗೆ ಯಾರ ಮೀಟರು ಬಾಗಿಲ ಹಿಂದಿದೆ, ಯಾರದು ಹಿತ್ತಲ ಗೋಡೆಯ ಮೇಲಿದೆ, ಯಾರ ನಾಯಿ ಕಚ್ಚುತ್ತದೆ, ಯಾರದು ಬರಿದೆ ಬೊಗಳುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು.

ಮೀಟರು ಓದಿ ಚೀಟಿ ಹರಿದುಕೊಟ್ಟು ಹೋಗುವುದಷ್ಟೇ ಅವನ ಕೆಲಸ. ಆದರೆ ರಾಮಲಿಂಗ ಅಷ್ಟಕ್ಕೆ ಬಿಡುವವನಲ್ಲ. ಜನರಿಲ್ಲದ ಕೋಣೆಯಲ್ಲಿ ಫ್ಯಾನು ತಿರುಗುವುದನ್ನು ಕಂಡರೆ ಅವನಿಗೆ ಸುಮ್ಮನೆ ಹೋಗಲಾಗುತ್ತಿರಲಿಲ್ಲ.

"ಯವ್ವಾ, ಈ ಫ್ಯಾನ್ ಯಾರಿಗಿ ಗಾಳಿ ಹಾಕಾಕತ್ತೈತಿ? ಗ್ವಾಡಿಗೇನು?" ಎಂದು ಕೇಳಿ, ತಾನೇ ಒಳಗೆ ಹೋಗಿ ಗುಂಡಿ ಒತ್ತಿ ಬರುತ್ತಿದ್ದ. ಕೆಲವರು ನಗುತ್ತಿದ್ದರು. ಕೆಲವರು ಜುಗ್ಗ ಎನ್ನುತ್ತಿದ್ದರು. ಅವನು ಜುಗ್ಗನಾಗಿರಲಿಲ್ಲ. ಹಸಿದು ಬಂದವರಿಗೆ ತನ್ನ ತಟ್ಟೆಯ ರೊಟ್ಟಿಯನ್ನೇ ಮುರಿದು ಕೊಡುವ ಮನುಷ್ಯ. ಇರುವ ವಸ್ತು ಯಾರಿಗೂ ಉಪಯೋಗವಾಗದೆ ಹಾಳಾಗುವುದನ್ನು ಮಾತ್ರ ಅವನು ನೋಡಲಾರ.

ಈ ಗುಣ ಅವನಿಗೆ ಹುಟ್ಟಿನಿಂದ ಬಂದದ್ದು. ಖಾನಾಪುರ ತಾಲ್ಲೂಕಿನಲ್ಲಿ, ನಂದಗಡದ ಸಮೀಪದ ಒಂದು ಹಳ್ಳಿ ಅವನ ಊರು. ತಂದೆ ಕುರಿ ಕಾಯುತ್ತಿದ್ದ. ಆ ಮನೆಯಲ್ಲಿ ಎಸೆಯುವ ವಸ್ತು ಎಂಬುದೇ ಇರಲಿಲ್ಲ. ಕುರಿಯ ಹಿಕ್ಕೆ ಹೊಲಕ್ಕೆ, ಉಣ್ಣೆ ಕಂಬಳಿಗೆ, ಹರಿದ ಕಂಬಳಿ ಎತ್ತಿನ ಬೆನ್ನಿಗೆ, ಅಲ್ಲಿಯೂ ಸವೆದರೆ ಬಾಗಿಲ ಸಂದಿಗೆ. ತಂದೆ ತೀರಿಕೊಂಡ ಮೇಲೆ ರಾಮಲಿಂಗ ಊರಿನಿಂದ ತನಗೆಂದು ತಂದುಕೊಂಡದ್ದು ಅವನ ಕರಿ ಕಂಬಳಿಯೊಂದನ್ನೇ.

ತಾಯಿ ಸಿದ್ದಕ್ಕನದೂ ಅದೇ ಮನಸ್ಸು. ಆಕೆ ಸ್ನಾನದ ನೀರು ಕಾಯಿಸುತ್ತಿದ್ದುದು ತಾಮ್ರದ ಬಂಬದಲ್ಲಿ. ಬಂಬವೆಂದರೆ ಎತ್ತರದ ದುಂಡು ಪಾತ್ರೆ. ನಟ್ಟನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು. ನೀರು ಕಾದೊಡನೆ ಸಿದ್ದಕ್ಕ ಚಿಮುಟ ಹಿಡಿದು ಕೆಂಡವನ್ನೆಲ್ಲ ಶೇಗಡಿಗೆ, ಅಂದರೆ ಅಗ್ಗಿಷ್ಟಿಕೆಗೆ, ತೆಗೆದುಕೊಂಡು, ಆ ಶೇಗಡಿಯನ್ನು ಹೊರಗೆ ಅಂಗಳದಲ್ಲಿ ಇಟ್ಟು ಬರುವವರೆಗೆ ಒಬ್ಬರನ್ನೂ ಬಚ್ಚಲಿಗೆ ಬಿಡುತ್ತಿರಲಿಲ್ಲ.

"ಯಾಕಬೇ?" ಎಂದು ಮಕ್ಕಳು ಕೇಳಿದರೆ, "ಬೆಂಕಿಗಿ ನಾಚಿಕಿ ಐತಿ. ಅದರ ಮುಂದ ಬತ್ತಲಾಗಬಾರದು" ಎನ್ನುತ್ತಿದ್ದಳು.

ಅಂಗಳದ ಆ ಕೆಂಡದ ಮೇಲೆ ಆಮೇಲೆ ಬೇಳೆ ಬೇಯುತ್ತಿತ್ತು. ಹೀಗಾಗಿ ಬುದ್ಧಿ ಬಲಿತ ರಾಮಲಿಂಗ ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿದ್ದ: ಅವ್ವ ಕೆಂಡ ಉಳಿಸುತ್ತಾಳೆ, ನಾಚಿಕೆಯ ಮಾತು ಬರೀ ನೆವ. ತಾಯಿಯ ಜಾಣತನವನ್ನು ನೆನೆದು ಅವನು ಎಷ್ಟೋ ಸಲ ಒಬ್ಬನೇ ನಕ್ಕದ್ದುಂಟು.

ನಿವೃತ್ತನಾದ ಮೇಲೆ ಗಲ್ಲಿ ತಿರುಗುವ ಕೆಲಸ ತಪ್ಪಿತು. ಅವನ ಕಣ್ಣೆಲ್ಲ ಸ್ವಂತ ಮನೆಯ ಮೇಲೆ ಬಿತ್ತು. ಪಕ್ಕದ ಮನೆಯ ಗುರುಪುತ್ರಪ್ಪ ವಿದ್ಯುತ್ ಮಗ್ಗಗಳ ಮಾಲೀಕ. ಅವನ ಮಗ್ಗದಲ್ಲಿ ಉಳಿಯುತ್ತಿದ್ದ ತುಂಡು ನೂಲನ್ನು ರಾಮಲಿಂಗ ಚೀಲ ತುಂಬಿ ತಂದು, ಒಂದು ಹಳೆಯ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಒತ್ತಿ ತುಂಬಿ, ನಡುವೆ ಪಾತ್ರೆ ಕೂರುವಷ್ಟು ಗುಳಿ ಮಾಡಿದ. ಅರ್ಧ ಬೆಂದ ಅನ್ನವನ್ನು ಒಲೆಯಿಂದಿಳಿಸಿ ಅದರಲ್ಲಿಟ್ಟು ಮುಚ್ಚಿದರೆ, ಉಣ್ಣುವ ಹೊತ್ತಿಗೆ ಅದು ತಾನಾಗಿ ಅರಳಿರುತ್ತಿತ್ತು. ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಹಿಂಡಿದ ನೀರು ಅಂಗಳಕ್ಕೆ, ಹಳೆಯ ಸೀರೆ ಕೌದಿಗೆ ಮತ್ತು ಸಂತೆಯ ಚೀಲಕ್ಕೆ. ತೆಂಗಿನ ಚಿಪ್ಪುಗಳನ್ನು ಎಣ್ಣೆಯ ಡಬ್ಬಿಯಲ್ಲಿ ಸುಟ್ಟು ಇದ್ದಿಲು ಮಾಡುವುದನ್ನೂ ಕಲಿತ.

"ನಿಮಗ ಪಿಂಚಣಿ ಕೊಟ್ಟವರು ನನಗೂ ಒಂದೀಟು ಕೊಡಬೇಕಾಗಿತ್ತು ನೋಡ್ರಿ," ಎನ್ನುತ್ತಿದ್ದಳು ಹೆಂಡತಿ ಲಕ್ಷ್ಮೀ. "ನೀವು ಮನ್ಯಾಗ ಕುಂತಾಗಿಂದ ನನ್ನ ಡ್ಯೂಟಿ ಹೆಚ್ಚಾಗೇತಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಪೆಟ್ಟಿಗೆಯ ಅನ್ನ ತಳ ಹಿಡಿಯುವುದಿಲ್ಲ, ಸೀಯುವುದಿಲ್ಲ ಎಂಬುದನ್ನು ಆಕೆಯೇ ನೆರೆಹೊರೆಗೆ ಹೇಳಿ ಬಂದಿದ್ದಳು. ಗಲ್ಲಿಯ ಹೆಂಗಸರು ಬಂದು ಪೆಟ್ಟಿಗೆ ನೋಡಿಕೊಂಡು ಹೋಗಿ ತಾವೂ ಮಾಡಿಕೊಂಡಿದ್ದರು. ರಾಮಲಿಂಗನ ಮಾತಿಗೆ ಗಲ್ಲಿಯಲ್ಲಿ ಒಂದು ತೂಕ ಬಂದಿತ್ತು. ಮುಂದೆ ಅವನ ನಿದ್ದೆ ಕೆಡಿಸಿದ್ದು ಈ ತೂಕವೇ.

ಕಳೆದ ಚಳಿಗಾಲಕ್ಕೆ ಮುಂಚೆ ಮಗಳು ಪ್ರಮಿಳಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಗಂಡ ಸುಜಯನಿಗೆ ಖಾನಾಪುರದಲ್ಲಿ ನೌಕರಿ; ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಿದ್ದ. ಬಸುರಿ ಮಗಳಿಗೆ ಹೊತ್ತು ಹೊತ್ತಿಗೆ ಬಿಸಿನೀರು ಬೇಕಾಯಿತು. ಬಚ್ಚಲಿನ ಗೀಜರು ಹಚ್ಚಿದಾಗಲೆಲ್ಲ ಮೀಟರಿನ ಕೆಂಪು ಚುಕ್ಕೆ ಹುಚ್ಚು ಹಿಡಿದಂತೆ ಮಿಣುಕುತ್ತಿತ್ತು. ರಾಮಲಿಂಗ ಅದರ ಕೆಳಗೆ ನಿಂತು ನೋಡುವನು, ಒಳಗೆ ಹೋಗುವನು, ಮತ್ತೆ ಬಂದು ನೋಡುವನು.

ಕಡೆಗೊಂದು ದಿನ ಊರಿಗೆ ಹೋಗಿ ಅಟ್ಟದ ಮೇಲಿದ್ದ ಹಳೆಯ ಬಂಬವೊಂದನ್ನು ಇಳಿಸಿಕೊಂಡು ಬಂದ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಫಳಫಳ ಹೊಳೆಯಿಸಿ, ಬಚ್ಚಲಿನ ಮೂಲೆಯಲ್ಲಿ ನಿಲ್ಲಿಸಿದ. ಮೊದಮೊದಲು ಕಟ್ಟಿಗೆ ಹಾಕಿದರೆ ಮನೆ ತುಂಬ ಹೊಗೆ. ಕೆಮ್ಮಿ ಕೆಮ್ಮಿ ಲಕ್ಷ್ಮೀಯ ಕಣ್ಣಲ್ಲಿ ನೀರು. ರಾಮಲಿಂಗ ತಾನೇ ಮಾಡಿಟ್ಟಿದ್ದ ಚಿಪ್ಪಿನ ಇದ್ದಿಲನ್ನು ಹಾಕಿ ನೋಡಿದ. ಹೊಗೆಯೇ ಇಲ್ಲ! ಕೊಳವೆಯ ತುಂಬ ಕೆಂಡ ಹವಳದಂತೆ ಉರಿಯುತ್ತಿತ್ತು, ಮೂಗಿಗೆ ಒಂದೆಳೆ ವಾಸನೆ ಬರುತ್ತಿರಲಿಲ್ಲ.

"ನೋಡ ಪಮ್ಮೀ," ಎಂದು ಮಗಳನ್ನು ಕರೆದು ತೋರಿಸಿದ. "ಹೊಗಿ ಇಲ್ಲಾ ಅಂದ ಮ್ಯಾಲ ಕಾಟ ಎಲ್ಲಿಂದ ಬಂತು? ನಿಮ್ಮಜ್ಜಿ ಕೆಂಡ ಹೊರಗ ಹಾಕ್ತಿದ್ಲು. ನಾ ಒಳಗ ಬಿಡ್ತೇನಿ. ನಿಮ್ಮವ್ವಂದು ಆಗಿ ನಿನ್ನ ಪಾಳಿ ಬರೂತನಾ ನೀರು ಆರೂದ ಇಲ್ಲ."

"ಅಪ್ಪಾ, ನೀ ಇನ್ನ ಸೂರ್ಯನ್ನೂ ಬಂದ್ ಮಾಡಿ ಉಳಸ್ತೀ ನೋಡು," ಎಂದು ಪ್ರಮಿಳಾ ನಕ್ಕಳು.

ಒಂದೇ ಕೊರತೆ ಉಳಿದಿತ್ತು. ಬಚ್ಚಲಿನ ಗೋಡೆಯ ಮೇಲ್ತುದಿಯಲ್ಲಿ ಒಂದು ಕಿಂಡಿ. ಗುಬ್ಬಿಗಳು ಬಂದು ಕೂರುತ್ತಿದ್ದ ಆ ಕಿಂಡಿಯಿಂದ ಬೆಳಗಾವಿಯ ಚಳಿಗಾಳಿ ನೇರವಾಗಿ ಒಳಗಿಳಿಯುತ್ತಿತ್ತು. ಕಾಸಿದ ಶಾಖವೆಲ್ಲ ಅಲ್ಲಿಂದ ಹೊರಗೆ ಸೋರಿ ಹೋಗುವುದನ್ನು ರಾಮಲಿಂಗ ತನ್ನ ಕಣ್ಣಿಗೆ ಕಂಡಂತೆ ಬಲ್ಲ. ಏಣಿ ಹಾಕಿ ಹತ್ತಿ, ಅಪ್ಪನ ಕರಿ ಕಂಬಳಿಯನ್ನು ನಾಲ್ಕಾಗಿ ಮಡಚಿ, ಕಿಂಡಿಗೆ ಬಿಗಿಯಾಗಿ ತುರುಕಿದ. ಬಾಗಿಲ ಕೆಳಗಿನ ಸಂದಿಗೆ ಕೌದಿಯ ಪಟ್ಟಿ ಹೊಲಿಸಿ ಬಡಿದ. ಆ ದಿನದಿಂದ ಬಚ್ಚಲು ಗರ್ಭಗುಡಿಯಂತೆ ಬೆಚ್ಚಗಾಯಿತು.

ಗಲ್ಲಿಯವರು ಇದನ್ನೂ ನೋಡಲು ಬಂದರು. ಅಟ್ಟದ ಮೇಲೆ ಬಂಬ ಇಟ್ಟುಕೊಂಡಿದ್ದವರು ಇಳಿಸಿಕೊಂಡರು. ರಾಮಲಿಂಗನೇ ಮನೆಮನೆಗೆ ಹೋಗಿ ಕಿಂಡಿ ಮುಚ್ಚುವುದನ್ನು ತೋರಿಸಿಕೊಟ್ಟ. ಹಿಂದಿನ ಗಲ್ಲಿಯಲ್ಲಿ ಒಬ್ಬಳೇ ಇರುವ ಮುದುಕಿ ಕಾಡವ್ವನ ಮನೆಯಲ್ಲಂತೂ ಆಕೆಯ ಹಳೆಯ ಇಳಕಲ್ ಸೀರೆಯನ್ನು ಕಿಂಡಿಗೆ ತಾನೇ ತುರುಕಿ ಬಂದ.

ಗುಬ್ಬಿಗಳು ಎರಡು ದಿನ ಕಿಂಡಿಯ ಹೊರಗೆ ಚಡಪಡಿಸಿ, ಆಮೇಲೆ ಬರಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಸಣ್ಣಪುಟ್ಟ ಸಂಗತಿಗಳು ಘಟಿಸತೊಡಗಿದವು. ಒಂದೊಂದಕ್ಕೂ ಒಂದೊಂದು ಕಾರಣ ಸಿಕ್ಕುತ್ತಿದ್ದುದರಿಂದ ಯಾರೂ ಅವನ್ನು ಜೋಡಿಸಿ ನೋಡಲಿಲ್ಲ.

ಬಚ್ಚಲಿನ ಗೋಡೆಯ ಮೇಲೆ ವರ್ಷಗಟ್ಟಲೆ ಇದ್ದ ಹಲ್ಲಿ ಒಂದು ಮುಂಜಾನೆ ಬಂಬದ ಬುಡದಲ್ಲಿ ಅಂಗಾತ ಬಿದ್ದಿತ್ತು. "ಬಿಸಿಗಿ ಸತ್ತೈತಿ," ಎಂದು ಲಕ್ಷ್ಮೀ ಪೊರಕೆಯಿಂದ ಹೊರಗೆ ನೂಕಿದಳು. ಆಕೆಗೂ ಸ್ನಾನ ಮಾಡಿ ಬಂದ ಮೇಲೆ ತಲೆ ಕಲ್ಲಿಟ್ಟಂತೆ ಭಾರ. ಚಳಿಗೆ ನೆಗಡಿ ಕಟ್ಟಿಕೊಂಡಿದೆಯೆಂದು ಶುಂಠಿ ಅರೆದು ಹಚ್ಚಿಕೊಂಡಳು. ಪ್ರಮಿಳಾ ಸ್ನಾನ ಮುಗಿಸಿ ಹೊರಗೆ ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದಳು. "ಕಾಲಾಗ ಬಲಾನ ಇಲ್ಲಬೇ, ಕಣ್ಣ ಕತ್ಲಿ ಬಂದಂಗ ಆಗತೈತಿ," ಎನ್ನುವಳು. ದಿನ ತುಂಬುತ್ತ ಬಂದ ಬಸುರಿಗೆ ಅದೆಲ್ಲ ಸಹಜವೆಂದು ಎಲ್ಲರೂ ಅಂದರು. ಮುಖ ಕೆಂಪೇರಿದ್ದನ್ನು ಕಂಡು ನೆರೆಮನೆಯ ಹೆಂಗಸರು, "ಪಮ್ಮೀ, ಏನ ಕಳಿ ಬಂದೈತೆ ನಿನ್ನ ಮಾರಿ ಮ್ಯಾಲ! ದೃಷ್ಟಿ ತಗಸು," ಎಂದು ಹೊಗಳಿದರು.

ಲಕ್ಷ್ಮೀ ಮಗಳಿಗೆ ದೃಷ್ಟಿ ತೆಗೆದಳು.

ರಾಮಲಿಂಗನಿಗೆ ಮಾತ್ರ ಏನೂ ಆಗಲಿಲ್ಲ. ಬಿಸಿನೀರೆಲ್ಲ ತಾಯಿ ಮಗಳಿಗೆ ಉಳಿಯಲೆಂದು ಅವನು ಹಿತ್ತಲ ನಲ್ಲಿಯಲ್ಲಿ ತಣ್ಣೀರನ್ನೇ ಸುರಿದುಕೊಳ್ಳುತ್ತಿದ್ದ.

ಹೆರಿಗೆಯ ದಿನ ಹತ್ತಿರವಾದಂತೆ ಬಾಣಂತನಕ್ಕೆ ತಾಯಿಯನ್ನು ಕರೆತರಲು ರಾಮಲಿಂಗ ಊರಿಗೆ ಹೊರಟ. ಸಿದ್ದಕ್ಕ ಊರಿನಲ್ಲಿ ಕಿರಿಯ ಮಗ ನಾಗಲಿಂಗನ ತುಂಬು ಸಂಸಾರದಲ್ಲಿದ್ದಳು. ಹೊರಡುವ ಮುಂಚೆ ರಾಮಲಿಂಗ ಇದ್ದಿಲಿನ ಬುಟ್ಟಿ ತುಂಬಿಟ್ಟ. "ನಾಳಿ ಪಮ್ಮಿಗಿ ಎಣ್ಣಿ ನೀರು ಹಾಕೂದೈತಿ," ಎಂದಳು ಲಕ್ಷ್ಮೀ. "ಹಂಗಾರ ಬಂಬ ಕಂಠಮಟ ತುಂಬು. ಕೆಂಡಾನೂ ಭರ್ತಿ ಹಾಕು. ಹುಡುಗಿ ಸಾವಕಾಶ ಕುಂತು ಎರಕೊಳ್ಳಲಿ," ಎಂದು ಹೇಳಿ ಬಸ್ಸು ಹತ್ತಿದ. ರಾತ್ರಿಯನ್ನು ತಮ್ಮನ ಮನೆಯಲ್ಲಿ ಕಳೆದ.

ಮರುದಿನ ಬೆಳಗಿನ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಸಿದ್ದಕ್ಕ ಬಚ್ಚಲಿನಿಂದ ಶೇಗಡಿ ಹಿಡಿದು ಹೊರಬಂದಳು. ಬೆನ್ನು ಬಾಗಿದ್ದರೂ ಚಿಮುಟ ಹಿಡಿದ ಕೈ ನಡುಗುತ್ತಿರಲಿಲ್ಲ.

"ಕೆಂಡ ಹೊರಗ ತಗದೇನಿ. ಹೋಗು ರಾಮ್ಯಾ, ಮೈ ತೊಳಕೋ."

"ಅವ್ವಾ, ಬೆಂಕಿಗಿ ಇನ್ನೂ ನಾಚಿಕಿ ಹೋಗಿಲ್ಲೇನು? ನನ್ನಂಥಾ ಮುದುಕನ್ನ ನೋಡಿ ಏನ ನಾಚತೈತಿ ಅದು?"

"ನಿನ್ನ ನೋಡಿ ನಾಚೂದಿಲ್ಲೋ, ಹೆದರತೈತಿ. ಎದ್ದು ನಡಿ."

ಸೊಸೆ ಮೊಮ್ಮಕ್ಕಳೆಲ್ಲ ನಕ್ಕರು. ರಾಮಲಿಂಗನೂ ನಗುತ್ತ, ತನ್ನ ಸುಧಾರಣೆಯನ್ನು ತಾಯಿಗೆ ಹೇಳಲು ಇದೇ ಸಮಯವೆಂದು ಬಗೆದ.

"ನೀ ಬ್ಯಾಳಿ ಬೇಯಸಾಕ ಕೆಂಡ ಉಳಸ್ತಿದ್ದಿ ಅಂತ ನನಗ ಗೊತ್ತೈತಿ ತಗೋ. ನಾ ನಿನಗಿಂತ ಶ್ಯಾಣೆ ಆಗೇನಿ. ನಮ್ಮ ಮನ್ಯಾಗ ಕೆಂಡ ಬಂಬದಾಗನ ಇರ್ತಾವ. ಬಾಗಲಾ ಹಾಕಿ, ಕಿಂಡ್ಯಾಗ ಅಪ್ಪನ ಕಂಬಳಿ ತುರುಕೇನಿ. ಬಿಸಿ ಒಂದೀಟೂ ಹೊರಗ ಹೋಗೂದಿಲ್ಲ."

ಸಿದ್ದಕ್ಕನ ಕೈಯಲ್ಲಿದ್ದ ಚಿಮುಟ ಕೆಳಗೆ ಬಿತ್ತು.

"ಕಿಂಡಿ ಮುಚ್ಚೀ?"

"ಹೂಂ."

"ಕೆಂಡ ಒಳಗಿಟ್ಟು?"

"ಹೊಗಿ ಬರೂದಿಲ್ಲಬೇ. ಚಿಪ್ಪಿನ ಇದ್ಲಿ ಅದು."

"ಅವತ್ತೂ ಹೊಗಿ ಇರಲಿಲ್ಲ," ಎಂದಳು ಸಿದ್ದಕ್ಕ. ಅವಳ ದನಿ ಬದಲಾಗಿತ್ತು. "ನಿಮ್ಮಪ್ಪನ ತಂಗಿ ಅಕ್ಕವ್ವ. ನೀ ಇನ್ನೂ ತೊಟ್ಟಿಲದಾಗಿದ್ದಿ. ಮಳಿ ಭಾಳ ಜೋರಿತ್ತಂತ ಬಚ್ಚಲದ ಬಾಗಲಾ ಬಿಗದು, ಕಿಂಡಿಗಿ ಗೋಣಿ ತಟ್ಟ ಕಟ್ಟಿ ಎರಕೊಳ್ಳಾಕ ಕುಂತ್ಲು. ಬಾಜೂಕ ಬಂಬದಾಗ ಕೆಂಡ. ಎಷ್ಟೊತ್ತಾದ್ರೂ ಹೊರಗ ಬರಲಿಲ್ಲ. ಬಾಗಲಾ ಮುರದು ನೋಡಿದ್ರ, ನಿದ್ದಿ ಮಾಡಿದಂಗ ಗ್ವಾಡಿಗಿ ಆನಕೊಂಡು ಕುಂತಾಳ. ಮೈಮ್ಯಾಲ ಒಂದು ಬೊಕ್ಕಿ ಇಲ್ಲ. ಗಲ್ಲ ಹೂವಿನಂಗ ಕೆಂಪಗ."

"ಅಕ್ಕವ್ವತ್ತಿ ಗಾಳಿ ಬಡದು ಸತ್ಲು ಅಂತಿದ್ರೆಲ್ಲಾ?"

"ಊರಾಗ ಹಂಗಂದ್ರು. ನಮ್ಮತ್ತಿ ಹಂಗನ್ನಲಿಲ್ಲ. ಕೆಂಡ ಅಕೀನ ಉಸುರು ಕುಡೀತು ಅಂದ್ಲು. ಕಾರಣ ಹೇಳಿದ್ರ ಹುಡಿಗ್ಯಾರು ಎದುರು ಮಾತಾಡ್ತಾರ, ನಾಚಿಕಿ ಅಂದ್ರ ಸುಮ್ಮ ಕೇಳ್ತಾರ ಅಂತ ಆ ಮಾತು ಕಟ್ಟಿದ್ಲು. ನಾನೂ ಹಂಗ ಹೇಳಿಕೊಂತ ಬಂದೆ." ಅವಳು ಮಗನ ಮುಖವನ್ನೇ ನೋಡಿದಳು. "ಈಗ ಆ ಬಚ್ಚಲದಾಗ ಯಾರು ಎರಕೊಳ್ತಾರೋ ರಾಮ್ಯಾ?"

ಕೆಂಪೇರಿದ ಮುಖ. ಗೋಡೆ ಹಿಡಿದು ನಿಂತ ಮಗಳು. ಅಂಗಾತ ಬಿದ್ದ ಹಲ್ಲಿ. ಇಷ್ಟು ದಿನ ಬಿಡಿಬಿಡಿಯಾಗಿದ್ದುದೆಲ್ಲ ಒಮ್ಮೆಲೇ ಬಂದು ರಾಮಲಿಂಗನ ಎದೆಯ ಮೇಲೆ ಕೂತಿತು. ಇಂದು ಎಣ್ಣೆ ನೀರು. ಸಾವಕಾಶವಾಗಿ ಕೂತು ಎರೆದುಕೊಳ್ಳಲಿ ಎಂದು ತಾನೇ ಹೇಳಿ ಬಂದಿದ್ದ.

ಮೊಬೈಲು ತೆಗೆದ. ಅಂಗಳದಲ್ಲಿ ಸಂಪರ್ಕ ಸಿಗಲಿಲ್ಲ. ಊರ ಹೊರಗಿನ ದಿಬ್ಬದ ಕಡೆಗೆ, ಬರಿಗಾಲಲ್ಲಿ, ಹೆಗಲ ಮೇಲಿನ ಟವೆಲು ಜಾರಿ ಬಿದ್ದುದನ್ನೂ ನೋಡದೆ ಓಡಿದ. ದಿಬ್ಬದ ಮೇಲೆ ನಿಂತು ಲಕ್ಷ್ಮೀಗೆ ಕರೆ ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಪ್ರಮಿಳಾಗೆ ಮಾಡಿದ. ಅದೂ ಹಾಗೆಯೇ ನಿಂತಿತು. ಲಕ್ಷ್ಮೀ ಈ ಹೊತ್ತಿಗೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಾಳೆ, ಪಕ್ಕದ ಮಗ್ಗಗಳ ಸದ್ದಿನಲ್ಲಿ ಅವಳಿಗೆ ಯಾವ ಕೂಗೂ ಕೇಳುವುದಿಲ್ಲ ಎಂಬುದು ಅವನಿಗೆ ನೆನಪಾಯಿತು.

ಗುರುಪುತ್ರಪ್ಪನಿಗೆ ಕರೆ ಹಚ್ಚಿದ. ಆ ಪುಣ್ಯಾತ್ಮ ತೆಗೆದ. ಆದರೆ ಅವನ ದನಿಗಿಂತ ಮೊದಲು ಕೇಳಿದ್ದು ಖಟಖಟ ಮಗ್ಗಗಳ ಅಬ್ಬರ.

"ಹಾಂ, ರಾಮಲಿಂಗಣ್ಣ! ಊರಿಗಿ ಹೋಗೀದಿ ಅಂತಲ್ಲ! ಏನಂದಿ? ಜೋರಾಗಿ ಹೇಳು!"

"ಪಮ್ಮಿ ಬಚ್ಚಲದಾಗ ಅದಾಳ! ಬಾಗಲಾ ಮುರಿ!"

"ಏನು? ಬಾಗಲಕೋಟಿ?"

"ಗುರುಪುತ್ರಪ್ಪಾ, ಮೇನ್ ಬಂದ್ ಮಾಡೋ! ಮಗ್ಗ ಎಲ್ಲಾ ನಿಂದರಸು!"

ಬದುಕಿನುದ್ದಕ್ಕೂ ಜನರಿಗೆ ಗುಂಡಿ ಆರಿಸಿರೆಂದು ಹೇಳುತ್ತ ಬಂದವನು ಇಷ್ಟು ಆರ್ತನಾಗಿ ಎಂದೂ ಹೇಳಿರಲಿಲ್ಲ. ಬೇರೇನೂ ತಿಳಿಯದಿದ್ದರೂ ಆ ಕಿರುಚಾಟದಲ್ಲಿ 'ಮೇನ್' ಎಂಬುದೊಂದು ಗುರುಪುತ್ರಪ್ಪನ ಕಿವಿಗೆ ಬಿದ್ದಿರಬೇಕು. ಮಗ್ಗಗಳು ಒಂದೇ ಏಟಿಗೆ ನಿಂತವು. ಆ ನಿಶ್ಶಬ್ದದಲ್ಲಿ ರಾಮಲಿಂಗ ಹೇಳಿದ. "ಬಚ್ಚಲದಾಗ ವಿಷಗಾಳಿ ತುಂಬೈತಿ. ಪಮ್ಮಿ ಒಳಗ ಅದಾಳ. ಬಾಗಲಾ ಮುರಿ, ಬಯಲಿಗಿ ಎಳಕೊಂಡ ಬರ್ರಿ."

ಆಮೇಲೆ ಅವನಿಗೆ ಉಳಿದದ್ದು ಕಿವಿಯೊಂದೇ. ಓಡುವ ಹೆಜ್ಜೆಗಳು. "ಲಕ್ಷ್ಮೀಬಾಯಿ, ಕೆಳಗ ಬರ್ರಿ!" ಎಂಬ ಕೂಗು. ಲಕ್ಷ್ಮೀಯ ದನಿ, "ಯಾಕ್ರಿ, ಏನಾತು? ಎರಕೊಳ್ಳಾಕತ್ತಾಳರಿ ಅಕಿ!" ಬಾಗಿಲು ಬಡಿಯುವ ಸದ್ದು. "ಪಮ್ಮೀ! ಏ ಪಮ್ಮೀ!" ಒಳಗಿನಿಂದ ಉತ್ತರವಿಲ್ಲ. ಮತ್ತೆ ಬಡಿತ. ಕಟ್ಟಿಗೆ ಸೀಳುವ ಸದ್ದು. ಲಕ್ಷ್ಮೀಯ ಒಂದು ಚೀತ್ಕಾರ. ಆಮೇಲೆ ಏನೂ ಇಲ್ಲ.

ದಿಬ್ಬದ ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಹೊಲದಲ್ಲಿ ಯಾರದೋ ಕುರಿಗಳು ಮೇಯುತ್ತಿದ್ದವು. ಅಷ್ಟೊಂದು ಗಾಳಿ ಲೋಕದ ಮೇಲೆ ಸುಮ್ಮನೆ ಬೀಸಿ ಹೋಗುತ್ತಿದ್ದುದನ್ನು ಕಂಡು ರಾಮಲಿಂಗ ಅಲ್ಲಿಯೇ ಕುಸಿದು ಕುಳಿತ.

"ಅಣ್ಣಾ," ಎಂದಿತು ಮೊಬೈಲು ಕಡೆಗೊಮ್ಮೆ. "ಉಸುರು ಐತಿ. ಮೈ ಮ್ಯಾಲ ಎಚ್ಚರಿಲ್ಲ. ದವಾಖಾನಿಗಿ ಒಯ್ಯಾಕತ್ತೇವಿ."

ರಾಮಲಿಂಗ ತಾಯಿಯೊಂದಿಗೆ ಖಾನಾಪುರಕ್ಕೆ ಬಂದು ಸುಜಯನನ್ನು ಕರೆದುಕೊಂಡ; ಮೂವರೂ ಬೆಳಗಾವಿಯ ಬಸ್ಸು ಹತ್ತಿದರು. ಸುಜಯ ಮಾವನ ಕಡೆಗೆ ತಿರುಗದೆ ಮುಂದಿನ ಸೀಟಿನಲ್ಲಿ ಕುಳಿತ. ಬೈದಿದ್ದರೂ ರಾಮಲಿಂಗನಿಗೆ ಹಗುರಾಗುತ್ತಿತ್ತು. ಚಳಿಗೆ ಯಾರೋ ಬಸ್ಸಿನ ಗಾಜು ಸರಿಸಿ ಮುಚ್ಚಿದರು. ಸಿದ್ದಕ್ಕ ಎದ್ದು ನಿಂತು ಅದನ್ನು ಮತ್ತೆ ತೆರೆದಳು. ದಾರಿಯುದ್ದಕ್ಕೂ ಆಕೆ ಹೇಳಿದ್ದು ಒಂದೇ ಮಾತು: "ನಾ ನಿನಗ ಖರೇ ಹೇಳಬೇಕಾಗಿತ್ತು."

ಆಸ್ಪತ್ರೆಯಲ್ಲಿ ಪ್ರಮಿಳಾಳ ಮೂಗಿಗೆ ಆಮ್ಲಜನಕದ ಮುಸುಕು ಹಾಕಿದ್ದರು. ಸಂಜೆಯ ಹೊತ್ತಿಗೆ ಕಣ್ಣು ತೆರೆದು, "ಅಪ್ಪಾ, ನೀರ ಇನ್ನೂ ಬಿಸಿ ಅದಾವೇನು?" ಎಂದಳು. ಎಲ್ಲಿದ್ದೇನೆಂಬುದು ಅವಳಿಗೆ ತಿಳಿದಿರಲಿಲ್ಲ. ರಾಮಲಿಂಗ ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತ.

ಡಾಕ್ಟರಮ್ಮ ಅವನನ್ನು ಕರೆದು ಕೂರಿಸಿ ವಿವರಿಸಿದರು. ಮುಚ್ಚಿದ ಜಾಗದಲ್ಲಿ ಕೆಂಡ ಉರಿದರೆ ಕಣ್ಣಿಗೆ ಕಾಣದ, ವಾಸನೆಯಿಲ್ಲದ ಒಂದು ವಿಷಗಾಳಿ ಹುಟ್ಟುತ್ತದೆ. ಅದು ರಕ್ತಕ್ಕೆ ಉಸಿರು ಸೇರದಂತೆ ಮಾಡುತ್ತದೆ. ಹೊಗೆಯಾದರೆ ಕೆಮ್ಮು ಬರುತ್ತದೆ, ಮನುಷ್ಯ ಓಡುತ್ತಾನೆ. ಇದು ನಿದ್ದೆಯಂತೆ ಬರುತ್ತದೆ.

"ಮಗಳಿಗೆ ಅಪಾಯ ಇಲ್ಲ. ಮಗುವಿನ ಎದೆಬಡಿತ ಕೇಳಿಸುತ್ತಿದೆ."

"ಕೂಸಿಗೇನೂ ಆಗಿಲ್ಲಲ್ಲರಿ ಹಂಗಾರ?"

"ಒಳಗಿನ ಮಗುವಿಗೆ ಈ ಗಾಳಿ ಹೆಚ್ಚು ತಟ್ಟುತ್ತದೆ. ಹುಟ್ಟಲಿ. ಕೇಳುತ್ತದೆಯೇ, ನೋಡುತ್ತದೆಯೇ, ಹೊತ್ತಿಗೆ ಸರಿಯಾಗಿ ಬೆಳೆಯುತ್ತದೆಯೇ, ನೋಡೋಣ."

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ರಾಮಲಿಂಗನಿಗೆ ಥಟ್ಟನೆ ಕಾಡವ್ವನ ಇಳಕಲ್ ಸೀರೆ ನೆನಪಾಯಿತು. ಅವನು ಮನೆಗೆ ಹೋಗಲಿಲ್ಲ. ಮೀಟರು ಓದುತ್ತಿದ್ದ ಕಾಲದಂತೆ ಗಲ್ಲಿಯ ತುದಿಯಿಂದ ಹಿಡಿದ. ಬಾಗಿಲು ಬಾಗಿಲಿಗೆ ನಿಂತು, "ಕಿಂಡಿ ತಗೀರಿ, ಕೆಂಡ ಹೊರಗ ಹಾಕ್ರಿ, ನಾ ಹೇಳಿದ್ದು ತಪ್ಪೈತಿ," ಎಂದು ಕೂಗಿದ. ಒಳಗೆ ಹೋಗಿ ತಾನು ತುರುಕಿದ ಚಿಂದಿಗಳನ್ನು ತಾನೇ ಕಿತ್ತ. ಒಂದು ಮನೆಯ ಸೊಸೆ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. "ಎರಡ ದಿನಾ ಆತು ತಲಿ ಹಿಡಕೊಂಡ," ಎಂದು ಅವಳ ಅತ್ತೆ ಹೇಳಿದಾಗ ರಾಮಲಿಂಗ ಅವಳನ್ನು ಅಂಗಳದ ಗಾಳಿಗೆ ಕರೆತರಿಸಿದ.

ಕಾಡವ್ವನ ಬಾಗಿಲು ಹಾಕಿತ್ತು. ಒಳಗೆ ಎಲ್ಲಿಯೋ ನೀರು ಸುರಿಯುವ ಸದ್ದು. ಬಡಿದ. ನೀರಿನ ಸದ್ದು ನಿಂತಿತು. ಇನ್ನೊಮ್ಮೆ ಬಡಿದ. ಏನೂ ಕೇಳಲಿಲ್ಲ. ಅವನು ಹೆಗಲು ಕೊಟ್ಟು ಬಾಗಿಲು ನೂಕುವಷ್ಟರಲ್ಲಿ ಅಗಳಿ ಸರಿಯಿತು. ಒದ್ದೆ ಕೂದಲಿಗೆ ಸೆರಗು ಸುತ್ತಿಕೊಂಡು ಮುದುಕಿ ನಿಂತಿದ್ದಳು.

"ಏನೋ ಮೂಳಾ, ಬಾಗಲಾ ಮುರೀತೀ? ಮೀಟರ್ ಓದಾಕ ಬಂದೀ ಏನ? ನಿನ್ನ ನೌಕರಿ ಮುಗದು ಎಷ್ಟ ವರ್ಷ ಆತು?"

ರಾಮಲಿಂಗ ಅವಳ ಕಾಲು ಮುಟ್ಟಿದ. "ಹುಚ್ಚ ಹಿಡದೈತಿ ಇವಗ," ಎಂದು ಮುದುಕಿ ಹಿಂದೆ ಸರಿದಳು. ತನ್ನ ಕಿಂಡಿಯ ಸೀರೆಯನ್ನು ಆಕೆ ಎಂದೋ ಕಿತ್ತು ಉಟ್ಟುಕೊಂಡಿದ್ದಳು ಎಂಬುದು ಆಮೇಲೆ ತಿಳಿಯಿತು. ಹಳೆಯದಾದರೇನು, ಇಳಕಲ್ ಸೀರೆಯನ್ನು ಗೋಡೆಗೆ ಉಡಿಸಲು ಅವಳಿಗೆ ಮನಸ್ಸಾಗಿರಲಿಲ್ಲ.

ಚಳಿ ಇನ್ನೂ ಇದ್ದಾಗಲೇ ಪ್ರಮಿಳಾಗೆ ಹೆಣ್ಣುಮಗು ಹುಟ್ಟಿತು. ಹುಟ್ಟುತ್ತಲೇ ಅತ್ತಿತು. ಆದರೂ ರಾಮಲಿಂಗನ ಮುಖ ಅರಳಲಿಲ್ಲ. ಅತ್ತಿದ್ದು ಸರಿ, ಕೇಳುತ್ತದೆಯೇ?

ಬಾಣಂತಿಯನ್ನು ಮನೆಗೆ ಕರೆತಂದ ದಿನ ಸಿದ್ದಕ್ಕ ರೂಢಿಯಂತೆ ಎಲ್ಲವನ್ನೂ ಅಣಿಮಾಡಿದ್ದಳು. ಕೋಣೆಯಲ್ಲಿ ನೂಲಿನ ಹೊರಸು, ಮೇಲೆ ಕೌದಿ. ತಾಯಿ ಮಗುವನ್ನು ಮಲಗಿಸಿ, ಕಿಟಕಿ ಬಾಗಿಲು ಮುಚ್ಚಿ, ಹೊರಸಿನ ಕೆಳಗಿಡಲು ಕೆಂಡ ತುಂಬಿದ ಶೇಗಡಿಯನ್ನು ಎತ್ತಿಕೊಂಡು ಬಂದಳು. ಬಾಣಂತಿಗೆ ಬೆನ್ನು ಕಾಯಿಸುವುದು ತಲೆತಲಾಂತರದ ಪದ್ಧತಿ. ಬಚ್ಚಲಿನ ಕೆಂಡಕ್ಕೆ ಹೆದರಿ ಬದುಕಿದ ಆ ಮುದುಕಿಗೆ ಬಾಣಂತಿಯ ಕೋಣೆಯ ಕೆಂಡದ ಮೇಲೆ ಎಳ್ಳಷ್ಟೂ ಸಂಶಯ ಬಂದಿರಲಿಲ್ಲ.

ರಾಮಲಿಂಗ ಹೊಸ್ತಿಲಿಗೆ ಅಡ್ಡ ನಿಂತ.

"ಸರೀಯೋ. ಹಸೀ ಮೈ, ಚಳಿ ಹತ್ತತೈತಿ ಅಕೀಗಿ."

"ಅವ್ವಾ," ಎಂದ ಅವನು ಮೆಲ್ಲನೆ, "ಕೆಂಡಕ್ಕ ಕೂಸಿನ ಮುಂದೂ ನಾಚಿಕಿ ಐತಿ."

ಸಿದ್ದಕ್ಕ ಮಗನನ್ನು ನೋಡಿದಳು. ಮುಚ್ಚಿದ ಕಿಟಕಿಯನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ಶೇಗಡಿಯನ್ನು, ಅದು ತನ್ನದಲ್ಲವೆಂಬಂತೆ ನೋಡಿದಳು. ನಮ್ಮ ಮನೆಯ ಎಷ್ಟು ಬಾಣಂತಿಯರು, ಎಷ್ಟು ಕೂಸುಗಳು ಎಂದು ನೆನೆದು ಅವಳ ತುಟಿ ಅಲುಗಿತು. ತಿರುಗಿ, ಶೇಗಡಿಯನ್ನು ಅಂಗಳಕ್ಕೆ ಒಯ್ದಳು.

ಕೋಣೆ ತಣ್ಣಗಾಗಲಿಲ್ಲ. ಅಂಗಳದ ಕೆಂಡದ ಮೇಲೆ ನೀರು ಕಾಯಿಸಿ, ಮುಚ್ಚಳದ ಹಿತ್ತಾಳೆಯ ಕೊಡಗಳಲ್ಲಿ ತುಂಬಿ ಹೊರಸಿನ ಕೆಳಗೆ ಇಟ್ಟರು. ಕೊಡಗಳಿಗೆ ಸುತ್ತಲು ಏನಾದರೂ ಬೇಕಾಯಿತು. ರಾಮಲಿಂಗ ಕರಿ ಕಂಬಳಿಯನ್ನು ತಂದಾಗ ಲಕ್ಷ್ಮೀ, "ಅದನ್ನ ಒಳಗ ತರಬ್ಯಾಡ್ರಿ, ನಿಮ್ಮ ಕೈ ಮುಗೀತೇನಿ," ಎಂದು ಮುಖ ತಿರುಗಿಸಿದಳು.

"ಕಂಬಳಿ ಏನ ಮಾಡೀತ ಲಕ್ಷ್ಮೀ? ತುರುಕಿದ ಕೈ ಇಲ್ಲಿ ನಿಂತೈತಿ," ಎಂದಳು ಸಿದ್ದಕ್ಕ. ಲಕ್ಷ್ಮೀ ಕಂಬಳಿಯನ್ನು ಇಸಿದುಕೊಂಡು ಕೊಡಗಳಿಗೆ ಸುತ್ತಿದಳು.

ರಾಮಲಿಂಗ ಕಿಟಕಿ ತೆರೆದ. ಗುರುಪುತ್ರಪ್ಪನ ಮಗ್ಗಗಳ ಸದ್ದು ಒಳಗೆ ಬಂತು. ಅದಕ್ಕೆ ಹುಟ್ಟಿದಂದಿನಿಂದ ಒಗ್ಗಿಕೊಂಡಂತೆ ಮಗು ಅಲುಗದೆ ಮಲಗಿತ್ತು. ಅಲುಗದೆ ಮಲಗಿದ್ದುದೇ ಅವನ ಎದೆಗೆ ಚುಚ್ಚಿತು. ಮೂಲೆಯಲ್ಲಿದ್ದ ಚಿಮುಟವನ್ನು ಎತ್ತಿಕೊಂಡು, ಯಾರೂ ನೋಡದಿರುವಾಗ, ಕಲ್ಲುಹಾಸಿನ ಮೇಲೆ ಬೀಳಬಿಟ್ಟ.

ಮಗು ಬೆಚ್ಚಿಬಿದ್ದು, ಎರಡೂ ಮುಷ್ಟಿ ಎತ್ತಿ, ಕೆಂಪಗಾಗಿ ಅತ್ತಿತು.

"ನಿಮಗೇನ ಬುದ್ಧಿ ಐತೋ ಇಲ್ಲೋ?" ಎಂದು ಲಕ್ಷ್ಮೀ ಗದರಿದಳು.

ರಾಮಲಿಂಗ ಚಿಮುಟವನ್ನು ಎತ್ತಿ ಮೂಲೆಗಿಟ್ಟ. ಕೇಳುತ್ತದೆ. ಇನ್ನು ನೋಡಬೇಕು, ಕೂರಬೇಕು, ನಡೆಯಬೇಕು, ಹೊತ್ತಿಗೆ ಸರಿಯಾಗಿ ಮಾತಾಡಬೇಕು. ಅಷ್ಟು ದಿನ ಅವನು ಕಾಯಬೇಕು. ಹೊರಗೆ ಬಂದು ಮೀಟರಿನ ಕೆಳಗಿನ ಕಟ್ಟೆಯ ಮೇಲೆ ಕುಳಿತ. ಕೆಂಪು ಚುಕ್ಕೆ ಮಿಣುಕುತ್ತಿತ್ತು. ಅವನು ತಲೆಯೆತ್ತಿ ಅದನ್ನು ನೋಡಲಿಲ್ಲ; ಕಿಟಕಿಯ ಕಡೆಗೆ ಕಿವಿಗೊಟ್ಟು ಮಗುವಿನ ಅಳುವನ್ನು ಕೇಳುತ್ತ ಕುಳಿತಿದ್ದ.